ವೇಗದ ಪೆಡಲು ಸಿಕ್ಕಿಕೊಂಡಾಗ

2009ನೆಯ ಇಸವಿ ಆಗಸ್ಟ್ 28ರಂದು ಅಮೆರಿಕದ ಸ್ಯಾನ್ ಡಿಯೆಗೊ ನಗರದ ಬಳಿ ಲೆಕ್ಸಸ್ ಕಾರೊಂದು ಗಂಟೆಗೆ 160 ಕಿಲೋಮೀಟರಿಗೂ ಮಿಕ್ಕ ವೇಗದಿಂದ ಧಾವಿಸಿ ಅಪಘಾತಕ್ಕೀಡಾಯಿತು. ಒಳಗಿದ್ದ ನಾಲ್ವರೂ ಮಡಿದರು. ಕಾರನ್ನು ನಡೆಸುತ್ತಿದ್ದವರು ಹೆದ್ದಾರಿ ಗಸ್ತಿನ ಪೊಲೀಸ್ ಅಧಿಕಾರಿ. ಬೇರೊಂದು ಮಾದರಿಯ ವಾಹನದ ಕಾಲುಹಾಸು ಆಕ್ಸಿಲರೇಟರ್ ಪೆಡಲನ್ನು ಮೇಲೇಳದಂತೆ ಹಿಡಿದಿಟ್ಟಿತ್ತು. ಮರುತಿಂಗಳೇ ಟೊಯೋಟಾ ಸಂಸ್ಥೆ ಸುಮಾರು 38 ಲಕ್ಷ ಕಾರುಗಳ ಮಾಲೀಕರಿಗೆ ಕಾಲುಹಾಸುಗಳನ್ನು ತೆಗೆದಿಡುವಂತೆ ಸೂಚಿಸಿತು. ನುರಿತ ಚಾಲಕನಿಗೇ ಒದಗಿದ ಈ ವಿಪತ್ತು ನಮಗೆ ಒದಗಿದರೆ ಏನು ಮಾಡಬೇಕು?

ಮೊದಲು ಎಂಜಿನು ಮತ್ತು ಬ್ರೇಕುಗಳ ಬಲಾಬಲವನ್ನು ನೋಡೋಣ. 1200 ಕಿಲೋಗ್ರಾಂ ತೂಕದ ಕಾರು ಗಂಟೆಗೆ 72 ಕಿಲೋಮೀಟರ್, ಎಂದರೆ ಸೆಕೆಂಡಿಗೆ 20 ಮೀಟರ್ ವೇಗದಿಂದ ಓಡುತ್ತಿದೆ ಎನ್ನಿ. ಅದರ ಚಲನಶಕ್ತಿ 2,40,000 ಜೌಲ್. ಅದನ್ನು ಬ್ರೇಕುಗಳು 3 ಸೆಕೆಂಡುಗಳಲ್ಲಿ ನಿಲ್ಲಿಸಿದರೆ, ಸೆಕೆಂಡಿಗೆ ಸರಾಸರಿ 80,000 ಜೌಲ್ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಿದಂತಾಯಿತು. ಅಂದರೆ ಅವುಗಳ ಸಾಮರ್ಥ್ಯ 80 ಕಿಲೋವಾಟ್. ಚಿಕ್ಕ ಕಾರಿನ ಎಂಜಿನಾದರೋ ಸುಮಾರು 60 ಕಿಲೋವಾಟಿನದು. ಬ್ರೇಕೇ ಬಲಿಷ್ಠ!

ಆದರೆ ಇದರಲ್ಲೊಂದು ತೊಡಕುಂಟು. ಪೆಟ್ರೋಲ್ ಕಾರುಗಳಲ್ಲಿ ನಮ್ಮ ಕಾಲಿನ ಒತ್ತಡಕ್ಕೆ ಸಾಮಾನ್ಯವಾಗಿ ಎಂಜಿನಿನ ಭಾಗಶಃ ನಿರ್ವಾತವೇ ನೆರವಾಗುತ್ತದೆ. ಗಾಳಿಯ ಕವಾಟವು ಪೂರ್ತಿ ತೆರೆದಾಗ ಆ ನಿರ್ವಾತ ಉಂಟಾಗುವುದಿಲ್ಲ. ಮೊದಲೇ ಸಂಗ್ರಹವಾಗಿದ್ದುದು ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿದುಹೋಗುತ್ತದೆ. ಅನಂತರ ಪೆಡಲು ಕಲ್ಲಿನಂತೆ ಬಿಗಿಯಾಗುವುದು. ಆದುದರಿಂದ ಬ್ರೇಕನ್ನು ಮತ್ತೆ ಮತ್ತೆ ಒತ್ತಿ ಬಿಡಬಾರದು; ಒಮ್ಮೆಗೇ ಬಲವಾಗಿ ಅದುಮಿ ಹಿಡಿಯಬೇಕು. ಹಗುರವಾಗಿ ಬಹಳ ಹೊತ್ತು ಒತ್ತಿದರೆ ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ.

ಎರಡನೆಯ ಉಪಾಯ ಇನ್ನೂ ಮುಖ್ಯವಾದುದು. ಕುದುರೆ ಬೆದರಿ ಓಡಿದಾಗ ಅದನ್ನು ಗಾಡಿಯಿಂದ ಬಿಚ್ಚಿಬಿಡಲು ಸಾಧ್ಯವಾದರೆ ಗಾಡಿ ಉಳಿಯುತ್ತದೆಯಷ್ಟೆ. ಕಾರಿನಲ್ಲಿ ಇದು ಸಾಧ್ಯ. ಕ್ಲಚ್ಚನ್ನು ಪೂರ್ತಿ ಒತ್ತಿ ಗೇರನ್ನು ನ್ಯೂಟ್ರಲಿಗೆ ತರಬೇಕು. ಕ್ಲಚ್ಚಿಲ್ಲದ ಕಾರಾದರೆ ಗೇರಿನ ಸನ್ನೆಯನ್ನು ನೇರವಾಗಿ ನ್ಯೂಟ್ರಲಿಗೆ ಸರಿಸಬೇಕು. ಆಗ ಎಂಜಿನಿಗೂ ಚಕ್ರಗಳಿಗೂ ಸಂಬಂಧ ಕಡಿದುಹೋಗುತ್ತದೆ. ಎಂಜಿನು ಭೋರ್ಗರೆಯುತ್ತದೆ, ಅದಕ್ಕೆ ಅಂಜಬೇಕಾಗಿಲ್ಲ. ಎಂಜಿನು ಕೆಟ್ಟರೆ ರಿಪೇರಿಯುಂಟು, ಪ್ರಾಣಕ್ಕಿಲ್ಲ.

ಬಳಿಕ ಎಚ್ಚರಿಕೆಯ ದೀಪಗಳನ್ನು ಹಾಕಿ, ರಸ್ತೆಯ ಅಂಚಿಗೆ ಸರಿದು, ಕಾರು ನಿಂತ ಮೇಲೆ ಎಂಜಿನನ್ನು ಆರಿಸಬೇಕು. ಓಡುತ್ತಿರುವಾಗ ಬೀಗದಕೈಯನ್ನು ಕಿತ್ತರೆ ಸ್ಟಿಯರಿಂಗ್ ಚಕ್ರವೇ ಬಿಗಿದುಕೊಳ್ಳಬಹುದು. ಬಗ್ಗಿ ಪೆಡಲನ್ನು ಎಳೆಯಲು ಹೋಗುವುದೂ ಅಪಾಯ; ಕಣ್ಣು ರಸ್ತೆಯ ಮೇಲಿರಲಿ. ನ್ಯೂಟ್ರಲಿಗೆ ಬರಲೇ ಒಲ್ಲದಿದ್ದರೆ ಮಾತ್ರ ಓಡುತ್ತಿರುವಾಗಲೇ ಎಂಜಿನನ್ನು ಆರಿಸಬೇಕು. ಗುಂಡಿಯ ಕಾರುಗಳಲ್ಲಿ ಸಾಮಾನ್ಯವಾಗಿ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕಾಗುತ್ತದೆ. ಆಗ ಸ್ಟಿಯರಿಂಗೂ ಬ್ರೇಕೂ ಬಿಗಿಯಾಗುವುವು. ಹೆಚ್ಚು ಬಲ ಹಾಕಬೇಕು.

ಇವಿಷ್ಟನ್ನು ಓದಿ ತಿಳಿದರೆ ಸಾಲದು. ಭೀತಿಯ ಗಳಿಗೆಯಲ್ಲಿ ಬುದ್ಧಿಗಿಂತ ಅಭ್ಯಾಸವೇ ಮುಂದೆ ಬರುವುದು. ನಿಂತ ಕಾರಿನಲ್ಲಿ ಕುಳಿತು, ನೋಡದೆಯೇ ನ್ಯೂಟ್ರಲಿಗೆ ತರುವುದನ್ನು ಕೈಗೆ ಕಲಿಸೋಣ. ಹೊರಡುವ ಮುನ್ನ ಕಾಲುಹಾಸಿನತ್ತ ಒಮ್ಮೆ ಕಣ್ಣು ಹಾಯಿಸೋಣ. ಒಂದರ ಮೇಲೊಂದು ಹಾಸು ಬೇಡ. ಇರುವ ಹಾಸು ಕೊಕ್ಕೆಗೆ ಭದ್ರವಾಗಿ ಸಿಕ್ಕಿರಲಿ.