ರೂಟರ್ ಎಂಬ ಮನೆಯ ತೂಬು

ರಾಯ, ಬಸವ ಕಾಲುವೆಗಳನ್ನು ನೋಡುತ್ತ ಬೆಳೆದ ಹೊಸಪೇಟೆಯ ಮಕ್ಕಳಿಗೆ ಮನೆಯ ಇಂಟರ್‌ನೆಟ್ ಹಂಚಿಕೆ ತೀರಾ ಹೊಸ ವಿಷಯವೇನಲ್ಲ. ತುಂಗಭದ್ರೆಯ ನೀರು ಕಾಲುವೆಯಲ್ಲಿ ಬರುತ್ತದೆ, ತೂಬಿನಿಂದ ಗದ್ದೆಗೆ ಹೋಗುತ್ತದೆ. ಬೀದಿಯ ಕಂಬದಿಂದ ಬರುವ ಫೈಬರ್ ಆ ಕಾಲುವೆಯಾದರೆ, ಅದನ್ನು ಮೊಬೈಲು, ಕಂಪ್ಯೂಟರು, ಟೀವಿಗೆ ಹಂಚುವ ತೂಬು ರೂಟರ್. ಅದರ ಬೆನ್ನಿನ ಮೇಲೆ 'ವ್ಯಾನ್' ಎಂದಿರುವ ಕಿಂಡಿ ಹೊರಗಿನ ಸಂಪರ್ಕಕ್ಕೆ. 'ಲ್ಯಾನ್' ಎಂದಿರುವವು ಮನೆಯೊಳಗಿನ ಯಂತ್ರಗಳಿಗೆ.

ಹಂಪಿ ನೋಡಲು ಬಂದವರಿಗೆ ಲಾಡ್ಜಿನವರು ಖಾಲಿ ಇರುವ ರೂಮಿನ ನಂಬರು ಕೊಡುತ್ತಾರಲ್ಲ, ರೂಟರ್ ಕೂಡ ಒಂದೊಂದು ಮೊಬೈಲಿಗೂ ಒಂದು ಐ.ಪಿ. ವಿಳಾಸ ಕೊಡುತ್ತದೆ. ಸಾಮಾನ್ಯವಾಗಿ 192.168 ಎಂದು ಶುರುವಾಗುವ ಈ ಅಂಕಿಗಳು ಮನೆಯೊಳಗಷ್ಟೇ ಚಲಾವಣೆ. ಈ ಏರ್ಪಾಡಿಗೆ ಡಿ.ಎಚ್.ಸಿ.ಪಿ. ಎಂದು ಹೆಸರು.

ಹೆತ್ತವರ ದುಡ್ಡು ಪೋಲಾಗುವುದು ವೇಗದ ಲೆಕ್ಕದಲ್ಲಿ. '40 ಎಂಬಿಪಿಎಸ್' ಎಂದರೆ ಸೆಕೆಂಡಿಗೆ 40 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದರೆ ಸೆಕೆಂಡಿಗೆ ಬರುವುದು ಹೆಚ್ಚೆಂದರೆ 5 ಮೆಗಾಬೈಟ್. 600 ಮೆಗಾಬೈಟಿನ ಪಾಠದ ವಿಡಿಯೋ ಇಳಿಯಲು ಎರಡು ನಿಮಿಷವಾದರೂ ಬೇಕು. ಅದೇ ಹೊತ್ತಿಗೆ ನಡುಮನೆಯಲ್ಲಿ ಧಾರಾವಾಹಿ ಓಡುತ್ತಿದ್ದರೆ ಇನ್ನೂ ತಡ.

ಆದರೆ ಪಾಠ ನಿಂತು ನಿಂತು ಬಂದರೆ ತಕ್ಷಣ ದುಬಾರಿ ಪ್ಲಾನ್ ಹಾಕಿಸಬೇಕಾಗಿಲ್ಲ. ವೈ-ಫೈ ಎಂಬುದು ರೇಡಿಯೋ ಅಲೆ. ಇದರಲ್ಲಿ 2.4 ಗಿಗಾಹರ್ಟ್ಸ್ ಅಲೆಗೆ ವೇಗ ಕಡಿಮೆ, ದೂರ ಹೆಚ್ಚು. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ಎಂದರೆ ಸುಸ್ತು. ಕಂಪ್ಲಿಯ ಹಳೆಯ ಮನೆಯ ದಪ್ಪ ಗೋಡೆ ದಾಟಿ ಒಳಕೋಣೆಗೆ ತಲುಪಲು ಮೊದಲನೆಯದೇ ವಾಸಿ. ಸಂಡೂರಿನವರು ಅದಿರಿನ ಗುಡ್ಡಗಳನ್ನು ದೂರುವ ಮೊದಲು ರೂಟರ್ ಕಬ್ಬಿಣದ ಬೀರುವಿನ ಹಿಂದೆ ಕುಳಿತಿದೆಯೇ ಎಂದು ನೋಡುವುದು ಒಳ್ಳೆಯದು! ಮನೆಯ ನಡುವೆ, ಆಳೆತ್ತರದಲ್ಲಿ, ತೆರೆದ ಜಾಗದಲ್ಲಿ ಅದನ್ನಿಡಬೇಕು.

ಮೊಬೈಲಿನಲ್ಲಿ ಕಾಣುವ ವೈ-ಫೈ ಹೆಸರೇ ಎಸ್.ಎಸ್.ಐ.ಡಿ. ಅದರ ಪಾಸ್‌ವರ್ಡ್ ಬೇರೆ, ರೂಟರಿನ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಬೇರೆ. ಮೊದಲನೆಯದನ್ನಷ್ಟೇ ಬದಲಿಸಿ ಎರಡನೆಯದನ್ನು 'ಅಡ್ಮಿನ್' ಎಂದೇ ಬಿಡುವ ಮನೆಗಳು ಬಹಳ. ಎರಡನ್ನೂ ಬದಲಿಸಬೇಕು. ಭದ್ರತೆಯ ಪಟ್ಟಿಯಲ್ಲಿ ಡಬ್ಲ್ಯು.ಪಿ.ಎ.3, ಅದಿಲ್ಲದಿದ್ದರೆ ಡಬ್ಲ್ಯು.ಪಿ.ಎ.2 ಆರಿಸಬೇಕು. ಆ ಸಂಪರ್ಕದಿಂದ ಬೇರೆ ಯಾರೋ ಕಿತಾಪತಿ ಮಾಡಿದರೂ ವಿಚಾರಣೆ ಮೊದಲು ಬರುವುದು ಬಿಲ್ ಕಟ್ಟುವವರ ಬಾಗಿಲಿಗೇ.

ಸಿಇಟಿ ಆಯ್ಕೆ ತುಂಬುವ ಕೊನೆಯ ದಿನವೇ ಕರೆಂಟು ಹೋದರೆ? ರೂಟರಿಗೆಂದೇ ಸಣ್ಣ ಯು.ಪಿ.ಎಸ್. ಸಿಗುತ್ತದೆ. ರೂಟರಿನ ತಳದಲ್ಲಿ ಬರೆದಿರುವ ವೋಲ್ಟೇಜ್ ನೋಡಿಕೊಂಡು ಅದಕ್ಕೆ ಹೊಂದುವುದನ್ನೇ ಕೊಳ್ಳಬೇಕು.