ಬೊಜ್ಜಿನ ನಿವಾರಣೆಯೂ ಕರುಳಿನ ಸೂಕ್ಷ್ಮಜೀವಿಗಳೂ

ಬೊಜ್ಜು ಪಟ್ಟಣದ ಸುಖವಾಸಿಗಳಿಗೆ ಮಾತ್ರ ಬರತಕ್ಕದ್ದೆಂಬ ನಂಬಿಕೆಯು ಇನ್ನು ಸಲ್ಲದು. ೨೦೧೯-೨೧ ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದ ಹಳ್ಳಿಗಳಲ್ಲಿ ೧೫ ರಿಂದ ೪೯ ವರ್ಷ ವಯಸ್ಸಿನವರ ಪೈಕಿ ಐವರಲ್ಲಿ ಸುಮಾರು ಒಬ್ಬರು ಮಿತಿಮೀರಿದ ತೂಕವುಳ್ಳವರು. ಮೈಮುರಿದು ಮಾಡುತ್ತಿದ್ದ ಕೆಲಸವು ಯಂತ್ರದ ಪಾಲಾಗಿ, ಮುದ್ದೆಯ ಸ್ಥಾನಕ್ಕೆ ಗಿರಣಿಯ ಬಿಳಿ ಅಕ್ಕಿಯು ಬಂದಿರುವಲ್ಲಿ ಈ ಅಪಾಯವು ಹೆಚ್ಚು. ಬೊಜ್ಜಿನ ಹಿಂದೆಯೇ ಮಧುಮೇಹವೂ ಬರುವ ಸಂಭವವುಂಟಾದುದರಿಂದ ಗ್ರಾಮದ ಮುಖಂಡರು ಈ ವಿಷಯವನ್ನು ಅರಿತಿರುವುದು ಅವಶ್ಯಕ.

ನಮ್ಮ ದೊಡ್ಡ ಕರುಳಿನಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ನೆಲೆಸಿವೆ. ಹೊಲದ ಮಣ್ಣಿನ ಜೀವಾಣುಗಳಿಗೆ ಕೊಟ್ಟಿಗೆ ಗೊಬ್ಬರವು ಹೇಗೋ, ಇವುಗಳಿಗೆ ನಮಗೆ ಜೀರ್ಣವಾಗದ ಕೆಲವು ಪದಾರ್ಥಗಳು ಹಾಗೆ. ಈರುಳ್ಳಿ, ಬೆಳ್ಳುಳ್ಳಿ, ಬೇಳೆಕಾಳುಗಳಲ್ಲಿರುವ ಇಂಥ ಆಹಾರಾಂಶಗಳಿಗೆ ‘ಪ್ರಿಬಯಾಟಿಕ್’ ಎಂದು ಹೆಸರು. ಇವುಗಳಿಂದ ಜೀವಾಣುಗಳು ತಯಾರಿಸುವ ಆಮ್ಲಗಳು ಕರುಳಿನ ಒಳಪೊರೆಯನ್ನು ಪೋಷಿಸುವುವು.

ಕಾಯಿಸಿ ನಿರ್ಜೀವಗೊಳಿಸಿದ ಹಿತಕರ ಜೀವಾಣುಗಳಿಗೆ ‘ಪೋಸ್ಟ್‌ಬಯಾಟಿಕ್’ ಎನ್ನುವರು. ಸತ್ತ ಜೀವಾಣುವಿನಿಂದ ಪ್ರಯೋಜನವೇನೆಂದು ಕೇಳಬಹುದು. ಅದರ ಹೊರಕವಚದ ಅಂಶಗಳು ಕಾವಿನಿಂದ ಪೂರ್ತಿಯಾಗಿ ನಾಶವಾಗದೆ ಕರುಳಿನ ಮೇಲೆ ಪರಿಣಾಮವನ್ನುಂಟುಮಾಡಬಲ್ಲವು. ೨೦೧೯ ರಲ್ಲಿ ಬೆಲ್ಜಿಯಂ ದೇಶದ ವಿಜ್ಞಾನಿಗಳು ಕಾಯಿಸಿದ ಅಕರ್ಮಾನ್ಸಿಯ ಎಂಬ ಜೀವಾಣುವನ್ನು ತೂಕ ಹೆಚ್ಚಿದವರಿಗೆ ಮೂರು ತಿಂಗಳು ಕೊಟ್ಟು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಇನ್ಸುಲಿನ್ನಿನ ಕಾರ್ಯವು ಉತ್ತಮಗೊಂಡಿತ್ತು. ತೂಕದ ಇಳಿಕೆಯಾದರೋ ನಿಶ್ಚಯವಾಗಿ ಹೇಳುವಷ್ಟಿರಲಿಲ್ಲ. ಪರೀಕ್ಷೆಯನ್ನು ಪೂರೈಸಿದವರು ೩೨ ಮಂದಿ ಮಾತ್ರ. ಇವೆರಡನ್ನೂ ಕೂಡಿಸಿ ಕೊಟ್ಟರೆ ಒಂದು ಕರುಳಿನ ಜೀವಾಣುಗಳನ್ನು ಪೋಷಿಸಿ, ಮತ್ತೊಂದು ಒಳಪೊರೆಯನ್ನು ಭದ್ರಪಡಿಸುವುದೆಂಬ ನಿರೀಕ್ಷೆಯಿಂದ ಸಂಶೋಧನೆಗಳು ನಡೆಯುತ್ತಿವೆ.

ಇಂಥ ಜೋಡಣೆಯು ನಮ್ಮ ಅಡಿಗೆಮನೆಗೆ ಹೊಸದಲ್ಲ. ೧೯೫೦ ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯವು ಇಡ್ಲಿಯ ಹಿಟ್ಟು ಹುಳಿಯುವ ಬಗೆಯನ್ನು ಪರಿಶೋಧಿಸಿದೆ. ಹುಳಿ ಬರಿಸಿದ ಜೀವಾಣುಗಳು ಹಬೆಯಲ್ಲಿ ಸಾಯುವುವು. ಉದ್ದಿನ ನಾರು ಜೊತೆಯಲ್ಲಿಯೇ ಉಳಿಯುವುದು. ಹೀಗಿದ್ದರೂ ಇಡ್ಲಿಯು ಅಳತೆಗೊಂಡ ಔಷಧವಲ್ಲ. ಅದು ಬೊಜ್ಜನ್ನು ತಡೆಯುವುದೆಂದು ಭಾವಿಸಕೂಡದು.

ಆದಕಾರಣ ಬೊಜ್ಜು ಕರಗಿಸುವುದೆಂದು ಮಾರುವ ಪುಡಿಗಳಿಗೆ ಹಣವನ್ನು ವ್ಯಯಮಾಡುವ ಮೊದಲು ಊಟದ ಎಲೆಯನ್ನು ಸರಿಪಡಿಸಿಕೊಳ್ಳುವುದು ಲೇಸು. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೧೧ ಗ್ರಾಂ ನಾರುಂಟು. ಅಷ್ಟೇ ಬಿಳಿ ಅಕ್ಕಿಯಲ್ಲಿ ೩ ಗ್ರಾಂ ಸಹ ಇಲ್ಲ. ಭೂಮಾಲೀಕರು ರಾಗಿ, ಅವರೆ, ಹುರುಳಿಗಳಿಗೆ ಹೊಲದಲ್ಲಿ ಸ್ಥಳವನ್ನು ಉಳಿಸಿ, ಮನೆಯ ಊಟಕ್ಕೂ ಅವುಗಳನ್ನು ಬಳಸತಕ್ಕದ್ದು. ಮಿತವಾದ ಊಟವನ್ನೂ ಮೈದುಡಿಮೆಯನ್ನೂ ಬಿಟ್ಟವರಿಗೆ ಯಾವ ಜೀವಾಣುವೂ ನೆರವಾಗಲಾರದು. ಮಧುಮೇಹವುಳ್ಳವರು ವೈದ್ಯರ ಸಲಹೆಯಿಲ್ಲದೆ ಔಷಧವನ್ನು ನಿಲ್ಲಿಸಕೂಡದು.