ದಿನಕ್ಕೊಂದು ಮಾರು ಬದು

2021ರ ನವೆಂಬರ್‌ನಲ್ಲಿ ಬಿಡದೆ ಹಿಡಿದ ಮಳೆಗೆ ನಮ್ಮ ತುಮಕೂರು ಸೀಮೆಯ ರಾಗಿ ಮಲಗಿ, ತೆನೆಯಲ್ಲೇ ಮೊಳಕೆ ಬಂದಿದ್ದು ನೆನಪಿರಬಹುದು. ನನಗೆ ರಾಗಿಗಿಂತ ಹೆಚ್ಚು ಹೊಟ್ಟೆ ಉರಿದಿದ್ದು ಮಣ್ಣಿಗೆ. ಮೂರು ಎಕರೆ ಇಳಿಜಾರು ಹೊಲದ ಮೇಲ್ಮಣ್ಣು ಹಳ್ಳ ಸೇರಿ, ಗರಸು ಎದ್ದಿತ್ತು.

ಬದು ಹಾಕಬೇಕು. ಜೆಸಿಬಿಯ ಗಂಟೆ ಬಾಡಿಗೆ ಕೇಳಿ ಸುಮ್ಮನೆ ವಾಪಸ್ ಬಂದೆ. ಸಾಲ ಮಾಡೋಣ ಅಂದ ಮಗ. ಕೊಳವೆಬಾವಿ ಸಾಲವೇ ತೀರಿರಲಿಲ್ಲ. ಎರಡು ಬದುವಿಗೆ 120 ಮಾರು. ದಿನಕ್ಕೊಂದು ಮಾರಾದರೆ ನಾಲ್ಕು ತಿಂಗಳು ಎಂದು ಲೆಕ್ಕ ಹಾಕಿ, 2022ರ ಸಂಕ್ರಾಂತಿ ಕಳೆದು ಗುದ್ದಲಿ ಹಿಡಿದೆ. ಬುಡ ಮೂರಡಿ, ಎತ್ತರ ಒಂದೂವರೆ ಅಡಿ. ಹಾಲು ಕರೆದಾದ ಮೇಲೆ ಒಂದೂವರೆ ಗಂಟೆ, ಅಷ್ಟೇ. ಕೆಲಸ ಮಾಡಿದ ದಿನ ಗೋಡೆಗೊಂದು ಇದ್ದಿಲಿನ ಗೀಟು.

ಲೆಕ್ಕ ತಪ್ಪಿತು. ಜ್ವರ, ನೆಂಟರ ಮದುವೆ, ಬಿತ್ತನೆ. ಬೇಸಿಗೆಯಲ್ಲಿ ನೆಲ ಗಟ್ಟಿಯಾಗಿ ಅರ್ಧ ಮಾರೂ ಸಾಗುತ್ತಿರಲಿಲ್ಲ. ಆಗ ಕಲ್ಲು ಆಯ್ದು ಬದುವಿನ ಬುಡಕ್ಕೆ ಹಾಕಿದೆ. ಒಂದು ದಿನ ತಪ್ಪಿದರೆ ಪರವಾಗಿಲ್ಲ, ಮೂರು ದಿನ ತಪ್ಪಿದರೆ ಗುದ್ದಲಿ ಮೂಲೆ ಬಿಟ್ಟು ಏಳದು. “ಗೀಟು ಬಿದ್ದು ನಾಲ್ಕು ದಿನ ಆಯ್ತಲ್ರೀ” ಅಂತ ನನ್ನಾಕೆ ಕೇಳೋಳು. ಅದೇ ನನಗೆ ಮೇಸ್ತ್ರಿ.

ದೊಡ್ಡ ತಪ್ಪು ಬೇರೆ. ಕಣ್ಣಳತೆಯಲ್ಲಿ ನೇರ ಹಾಕಿದ್ದೆ. ಆ ವರ್ಷದ ಹಸ್ತೆ ಮಳೆಗೆ ತಗ್ಗಿನಲ್ಲಿ ನೀರು ನುಗ್ಗಿ ಎಂಟು ಮಾರು ಒಂದೇ ರಾತ್ರಿ ಕೊಚ್ಚಿಹೋಯಿತು. ವಾರವಿಡೀ ಹೊಲದ ಕಡೆ ತಲೆ ಹಾಕಲಿಲ್ಲ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಕೂಲಿ ಮುಗಿಸಿ ಬಂದು ಗುಡ್ಡಕ್ಕೆ ಸುರಂಗ ಕೊರೆದು, ಹಲವು ಸಲ ನೀರು ಸಿಗದಿದ್ದರೂ ಬಿಡಲಿಲ್ಲ; ಆ ವರ್ಷವೇ ಅವರಿಗೆ ಪದ್ಮಶ್ರೀ ಬಂದಿತ್ತು. ನಂದು ಬರೀ ಎಂಟು ಮಾರು ಮಣ್ಣು!

ಈ ಸಲ ಮಟ್ಟ ನೋಡಿದೆ. ಏಳಡಿಯ ಎರಡು ಗಳ ತುದಿಗೆ ಜೋಡಿಸಿ, ನಡುವೆ ಅಡ್ಡಗಳ ಬಿಗಿದು, ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡಬೇಕು. ದಾರ ಅಡ್ಡಗಳಕ್ಕೆ ತಾಗಿದಲ್ಲಿ ಗುರುತು ಹಾಕಿ, ಕಾಲುಗಳನ್ನು ಅದಲು ಬದಲು ಮಾಡಿ ಇನ್ನೊಂದು ಗುರುತು. ಎರಡರ ನಡುವಿಗೆ ದಾರ ಬಂದರೆ ಎರಡು ಕಾಲೂ ಸಮ. ಹಾಗೆ ಹೆಜ್ಜೆ ಹಾಕುತ್ತಾ ಗೂಟ ಹೊಡೆದರೆ ಬದು ಹಾವಿನಂತೆ ಡೊಂಕಾಗುತ್ತೆ, ಆಗಲಿ. ಹೆಚ್ಚಿನ ನೀರಿಗೆ ಕಲ್ಲು ಹಾಸಿದ ಕೋಡಿಯನ್ನೂ ಬಿಟ್ಟೆ.

ಎರಡೂ ಬದು ಮುಗಿದದ್ದು 2023ರ ಜುಲೈನಲ್ಲಿ. ಆ ವರ್ಷ ಬರ. ಬದುವಿನ ಮೇಲ್ಬದಿಯ ಹತ್ತು ಮಾರು ಅಗಲದಲ್ಲಿ ಮಾತ್ರ ರಾಗಿ ತೆನೆ ಕಟ್ಟಿತು, ಉಳಿದದ್ದು ಮೇವಾಯಿತು. ಅದನ್ನು ನೋಡಿ, ಸಾಲ ಮಾಡೋಣ ಅಂದ ಮಗನೇ ಮೂರನೇ ಬದುವಿಗೆ ಗೂಟ ಹೊಡೆದ. ಈಗ ಗೋಡೆ ಮೇಲೆ ಅವನ ಗೀಟೂ ಇವೆ.